ಬರ್ಬ್ಯಾಂಕ್ ಗೇಟಿನ ಪಂಕ್ತಿ

ಮಗಳನ್ನು ಮುಷ್ಕರದಿಂದ ಬಿಡಿಸಿ ಮನೆಗೆ ಕರೆದೊಯ್ಯಲೇಬೇಕೆಂದು ಹಟ ತೊಟ್ಟು ಗುರುಶಾಂತವ್ವ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಿಂದ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿಗೆ ಬಂದಿದ್ದಳು. ಅದು ೨೦೨೩ರ ಆಗಸ್ಟ್. ಟಿವಿ, ಸಿನಿಮಾಗಳಿಗೆ ಬರೆಯುವವರು ಕೆಲಸ ನಿಲ್ಲಿಸಿ ನೂರು ದಿನ ದಾಟಿತ್ತು. ಸ್ಟುಡಿಯೋ ಒಂದರ ಹಿಂದಿನ ಗೇಟಿನ ಮುಷ್ಕರದವರಿಗೆ, ತಾನೂ ಬರೆಯುವವಳಾದ ಮಗಳು ಅಮಿತಾ ಕ್ಯಾಪ್ಟನ್. ಎಂಥ ಕ್ಯಾಪ್ಟನ್! ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಗಂಟಲು ಕೂತುಹೋಗಿತ್ತು. ಅವಳ ಹಿಂದೆ ಫಲಕ ಹಿಡಿದು ಸುತ್ತುತ್ತಿದ್ದ ನಲವತ್ತು ಜನ ಈಗ ಹನ್ನೊಂದಕ್ಕೆ ಇಳಿದಿದ್ದರು. ಸಾಮಾನಿನ ಟ್ರಕ್ಕುಗಳು ಈ ಸಾಲು ದಾಟದೆ ತಿರುಗಿ ಹೋದರೆ ಒಳಗಿನ ಕೆಲಸ ನಿಲ್ಲುತ್ತದೆ ಎಂಬುದು ಅವರ ಲೆಕ್ಕ, ಆದರೆ ಎಲ್ಲವೂ ದಾಟಿ ಹೋಗುತ್ತಿದ್ದವು. ಹೆತ್ತವಳು ಇದನ್ನು ನೋಡಿಕೊಂಡು ಇರುತ್ತಾಳೆಯೇ?

“ಸಾಕು ಮಾಡು ಅಮಿ. ಮನಿಗೆ ನಡಿ,” ಎಂದಳು ಬಂದ ದಿನವೇ.

ಏಳನೇ ವಯಸ್ಸಿಗೆ ಬಾಗಲಕೋಟೆ ಬಿಟ್ಟಿದ್ದರೂ ಅಮಿತಾಳ ಮಾತಿನ ಖಾರ ಇಳಿದಿರಲಿಲ್ಲ. “ಶುಕ್ರವಾರದ ತನಕ ತಡಿ ಅವ್ವಾ. ಅಷ್ಟರೊಳಗ ಒಂದು ಟ್ರಕ್ಕೂ ನಮ್ಮನ್ನ ನೋಡಿ ವಾಪಸ್ ಹೋಗಲಿಲ್ಲಂದ್ರ, ಕ್ಯಾಪ್ಟನ್ ಕೆಲಸ ಬ್ಯಾರೇದವರಿಗೆ ಕೊಟ್ಟು ನಿನ್ನ ಜೋಡಿ ಬರತೀನಿ. ಪ್ರಾಮಿಸ್.”

ನಾಲ್ಕು ದಿನದ ಮಾತು ತಾನೆ ಎಂದು ಗುರುಶಾಂತವ್ವ ಒಳಗೊಳಗೇ ಹಿಗ್ಗಿದಳು. ಆದರೆ ಆ ತಾಯಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಮಂಗಳವಾರ ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದಳು, ಎಣಗಾಯಿ ಮಾಡಿದಳು, ಗೇಟಿನ ಪಕ್ಕ ಮಡಚುವ ಮೇಜು ಹಾಕಿ ಬಡಿಸುತ್ತ ನಿಂತಳು. ತವರಿನ ಮಠದಲ್ಲಿ ದಾಸೋಹಕ್ಕೆ ನಿಂತು ಪಳಗಿದ ಕೈ. ಫಲಕದವರು ಉಂಡರು, ಕಾವಲುಗಾರ ಉಂಡ. ಸಿಗ್ನಲ್ಲಿಗೆ ಟ್ರಕ್ ನಿಂತಾಗ ಮೂಗರಳಿಸಿದ ಡ್ರೈವರನಿಗೂ ಕಿಟಕಿಯಲ್ಲಿ ಎರಡು ರೊಟ್ಟಿ ಸುತ್ತಿ ಕೊಟ್ಟಳು. ಅವನು ನಗುತ್ತ ಕೈಮುಗಿದು, ಟ್ರಕ್ಕನ್ನು ಸೀದಾ ಗೇಟಿನೊಳಗೆ ನುಗ್ಗಿಸಿದ.

ಅಮಿತಾ ಕೆಂಡವಾದಳು. “ಅವ್ವಾ! ಅಂವ ನಮ್ಮ ಲೈನ್ ದಾಟಾಂವ! ಅವಗ ಯಾಕ ಕೊಟ್ಟಿ?”

“ಹಸದಿದ್ದ, ಕೊಟ್ಟೆ. ಉಣ್ಣಾವಗ ನೀ ಯಾರ ಕಡಿಯಾಂವ ಅಂತ ಕೇಳಾಕ ಬರತದೇನು?”

“ಹಂಗಾರ ಒಳಗ ಹೋಗಂಗಿಲ್ಲಂದ್ರ ಅಷ್ಟ ಕೊಡತೀನಿ ಅನ್ನು.”

“ರೊಟ್ಟಿಗೆ ಷರತ್ತು ಹಾಕೂದು ನನಗ ಗೊತ್ತಿಲ್ಲವ್ವಾ,” ಎಂದು ಗುರುಶಾಂತವ್ವ ಮತ್ತೊಂದು ತಟ್ಟೆಗೆ ಕೈ ಹಾಕಿದಳು. ಅವನಿಗೆ ಬುಧವಾರವೂ ಕೊಟ್ಟಳು, ಗುರುವಾರವೂ ಕೊಟ್ಟಳು. ಮಗಳು ಮುಖ ಗಂಟಿಕ್ಕಿಕೊಂಡೇ ಇದ್ದಳು.

ಶುಕ್ರವಾರ ಡ್ರೈವರ್ ಟ್ರಕ್ಕನ್ನು ಬೀದಿಯಂಚಿಗೆ ನಿಲ್ಲಿಸಿ ಇಳಿದೇ ಬಂದ. ಫಲಕದವರ ಸಾಲಿನಲ್ಲೇ ಫುಟ್‌ಪಾತಿನ ಮೇಲೆ ಕೂತು, ತಮ್ಮ ಮನೆಯ ಮೆಕ್ಕೆಜೋಳದ ಟೋರ್ಟಿಯಾದಂತೆ ರೊಟ್ಟಿ ಸುರುಳಿ ಸುತ್ತಿ ತಿನ್ನತೊಡಗಿದ. ಅಮಿತಾ ಮೆಗಾಫೋನ್ ಎತ್ತಿದವಳು ಅದನ್ನು ಹಾಗೇ ಇಳಿಸಿದಳು. ಉಣ್ಣುವವನ ಮೇಲೆ ಕೂಗಲು ಅವಳಿಂದಲೂ ಆಗಲಿಲ್ಲ. ಎಷ್ಟೆಂದರೂ ಗುರುಶಾಂತವ್ವನ ಮಗಳು. ಪಕ್ಕದಲ್ಲಿ ಕೂತು ಹೆಸರು ಕೇಳಿದಳು.

ರಾಮೋನ್ ಎಂದ. ನೂರು ದಿನ ಎಲ್ಲರೂ ತನ್ನ ಮೇಲೆ ಕೂಗಿದರು, ಹೆಸರು ಕೇಳಿದ್ದು ನೀನೊಬ್ಬಳೇ ಎಂದ. ತನ್ನ ತಂಗಿ ಹೋಟೆಲಿನಲ್ಲಿ ಹಾಸಿಗೆ ಹಾಸುವವಳು, ಅವಳೂ ಕಳೆದ ತಿಂಗಳು ಹೀಗೇ ಫಲಕ ಹಿಡಿದು ನಿಂತಿದ್ದಳು, ತಾನೇ ಅವಳಿಗೆ ಬುತ್ತಿ ಒಯ್ದು ಕೊಡುತ್ತಿದ್ದೆ ಎಂದ. ಬರೆದದ್ದಕ್ಕೆ ತಕ್ಕ ಸಂಬಳ ಸಿಗುತ್ತಿಲ್ಲವೆಂದೇ ತಾವು ನಿಂತಿದ್ದೇವೆಂದು ಅಮಿತಾ ಮೆಲ್ಲಗೆ ಹೇಳಿದಳು. ಅವನು ಕೈ ಒರೆಸಿಕೊಂಡು ಕಚೇರಿಗೆ ಫೋನ್ ಮಾಡಿದ: ಇಲ್ಲಿ ಜನ ನಿಂತಿದ್ದಾರೆ, ನಾನು ದಾಟುವುದಿಲ್ಲ.

ಟ್ರಕ್ ತಿರುಗಿ ಹೋದಾಗ ಹನ್ನೊಂದು ಜನ ಹಾಕಿದ ಕೇಕೆ ನೂರು ಜನರ ಕೇಕೆಯಂತಿತ್ತು. ಅಮಿತಾ ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. ಆಗ ಗುರುಶಾಂತವ್ವನಿಗೆ ಹೊಳೆಯಿತು: ಮಗಳನ್ನು ಒಯ್ಯಲು ಬಂದವಳು ತನ್ನ ಕೈಯಾರೆ ಸೋತಿದ್ದಾಳೆ! ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಈ ಹುಡುಗಿಯನ್ನು ಹೆತ್ತವಳು ತಾನು ಎಂಬ ಹೆಮ್ಮೆಗೆ.

ಅಷ್ಟರಲ್ಲಿ ಗಂಡ ಚನ್ನವೀರಪ್ಪನ ಫೋನ್ ಬಂತು. “ಏನಾತು? ಇಬ್ಬರೂ ಯಾವಾಗ ಬರತೀರಿ?”

“ನಾವು ಬರಂಗಿಲ್ಲ, ನೀವ ಬರ್ರಿ,” ಎಂದಳು ಗುರುಶಾಂತವ್ವ. “ಬರಬೇಕಾದ್ರ ಬಿಸಲಿಗೆ ಟೊಪಗಿ ತರ್ರಿ. ಇಲ್ಲಿ ನಿಂದ್ರಾಕ ಮಂದಿ ಕಡಿಮಿ ಅದಾರ.”