ದೇವರ ಪಾಲಿನ ಉಣ್ಣೆ

ಮೂರನೆಯ ಕುರಿ ಕಾಲು ಝಾಡಿಸಿ ಎದ್ದು, ಬರಿಮೈಗೆ ನಾಚಿಕೊಂಡಂತೆ ದೊಡ್ಡಿಯ ಮೂಲೆಗೆ ಓಡಿತು. ತಾನಾಜಿ ಕತ್ತರಿಸುವ ಯಂತ್ರ ಬಂದ್ ಮಾಡಿ ಸೊಂಟ ನೆಟ್ಟಗೆ ಮಾಡಿದ. ಬೆವರು ಕಣ್ಣಿಗಿಳಿಯುತ್ತಿದ್ದರೂ ಮುಖದ ತುಂಬ ನಗು. ಒಂದು ಗಾಯವಿಲ್ಲ, ಒಂದು ತೊಟ್ಟು ರಕ್ತವಿಲ್ಲ, ಕೊಟ್ಟ ವೇಳೆಯಲ್ಲಿ ಇನ್ನೂ ಮಿಕ್ಕಿತ್ತು. ಪಡಸಾಲೆಯ ಕಂಬಕ್ಕೆ ಕಟ್ಟಿದ ಫೋನಿನೊಳಗಿಂದ, ಸಮುದ್ರದಾಚೆಯ ಪರೀಕ್ಷಕ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಪಕ್ಕದಲ್ಲಿ ನಿಂತ ಶೈಲಾ ಮಾತುಮಾತಿಗೆ ‘ಯೆಸ್ ಸರ್’ ಅನ್ನುತ್ತಿದ್ದವಳು ಒಮ್ಮೆಲೇ ಸುಮ್ಮನಾದಳು.

"ಏನಂತಾರ್ರಿ ಮ್ಯಾಡಮ್?"

"ತಾನಾಜಿ ಅಣ್ಣಾರ, ಮೂರೂ ಕುರಿಗೆ ನೆತ್ತಿ ಮ್ಯಾಲೆ ಒಂದೊಂದು ಜುಟ್ಟಾ ಬಿಟ್ಟೀರಂತ. ಕೆಲಸ ಪೂರಾ ಬರೂದಿಲ್ಲೇನು ಇವ್ರಿಗೆ ಅಂತ ಕೇಳ್ಲಿಕತ್ತಾರ."

ತಾನಾಜಿ ತಿರುಗಿ ನೋಡಿದ. ಹೌದು, ಮೂರು ಬೋಳು ಕುರಿ, ಮೂರು ಜುಟ್ಟು. ಆಣೆ ಮಾಡಿ ಹೇಳಬಹುದಿತ್ತು, ಅವನು ಬಿಟ್ಟದ್ದಲ್ಲ. ಅವನ ಕೈ ಬಿಟ್ಟಿತ್ತು. ಅಪ್ಪ ಅಮಸಿದ್ದ ಬದುಕಿದ್ದಾಗ ಮಗನ ಕೈ ಹಿಡಿದು ಕತ್ತರಿ ಕಲಿಸುವಾಗ, ನೆತ್ತಿಗೆ ಬಂದ ಕೂಡಲೆ ಆ ಕೈಯನ್ನು ಮೇಲಕ್ಕೆ ಎತ್ತಿಬಿಡುತ್ತಿದ್ದ. ಅದು ಕುಲದೇವರು ಅಮೋಗಸಿದ್ಧನ ಪಾಲು. ದೀಪಾವಳಿಯ ಪಾಡ್ಯಕ್ಕೆ ಮನೆಯ ಹಿರಿಯರು ಅದನ್ನು ಕೈಯಾರೆ ಕತ್ತರಿಸಿ, ತೊಳೆದು, ದಾರ ತೆಗೆದು ದೇವರ ಮುಂದಿಡಬೇಕು. ಮದುವೆಯ ಉಣ್ಣೆ ಕಂಕಣಕ್ಕೆ ಆ ದಾರವೇ ಬೇಕು. ತಾನಾಜಿ ಮತ್ತು ಹೆಂಡತಿ ಪೂನಮಳ ಕೈಗೆ ಕಟ್ಟಿದ್ದೂ ಅದನ್ನೇ.

"ಮೂರು ತಿಂಗಳಿಂದ ನಾನೂ ನೋಡ್ಲಿಕತ್ತೀನಿ," ಎಂದಳು ಶೈಲಾ, ತನ್ನ ಹಣೆ ತಾನೇ ಬಡಿದುಕೊಂಡು. "ನಮ್ಮ ಶೇಗಾಂವದಾಗ ಎಲ್ಲಾ ಕುರಿಗೂ ಹಿಂಗ ಇರ್ತದ. ನನಗರ ಹ್ಯಾಂಗ ಹೊಳೀಬೇಕ್ರಿ?"

ಶೈಲಾ ಸಾಂಗಲಿಯ ಒಂದು ಏಜೆನ್ಸಿಯಲ್ಲಿ ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವವಳು. ಅವಳು ಹೇಳಿದ ದೇಶದಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚಂತೆ. ಹೆಸರು ನಾಲಿಗೆಗೆ ಹತ್ತದ್ದರಿಂದ ತಾನಾಜಿಯ ಊರು ಮುಚ್ಚಂಡಿಯ ಜನ ಅದನ್ನು ಕುರಿದೇಶ ಎಂದು ಕರೆದು ಕೈ ತೊಳೆದುಕೊಂಡಿದ್ದರು. ಅಲ್ಲಿಯ ಕಾಯ್ದೆ ಮಾತ್ರ ವಿಚಿತ್ರ. ಕುರಿ ಕಾಯುವವನು ಕುಶಲ ಕೆಲಸಗಾರನಲ್ಲ, ಅವನಿಗೆ ವೀಸಾ ಇಲ್ಲ. ಉಣ್ಣೆ ಕತ್ತರಿಸುವವನು ಕುಶಲ, ಅವನಿಗೆ ಉಂಟು. ಹುಟ್ಟಿದಾಗಿನಿಂದ ಎರಡನ್ನೂ ಮಾಡಿದ ತಾನಾಜಿಗೆ, ತನ್ನಲ್ಲಿ ಯಾವ ಅರ್ಧ ಶಾಣ್ಯಾ, ಯಾವ ಅರ್ಧ ದಡ್ಡ ಎಂದು ತಿಳಿಯದೆ ಮೊದಲು ನಗು ಬಂದಿತ್ತು.

ಆಮೇಲೆ ಆ ಮಾತೇ ಅವನನ್ನು ಹಿಡಿಯಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನನ್ನು ಈವರೆಗೆ ಯಾರೂ ಯಾವುದರಲ್ಲೂ ಕುಶಲ ಅಂದಿರಲಿಲ್ಲ. ಕಾಲುವೆಗೆ ನೀರು ಬಂದ ಮೇಲಂತೂ ಊರ ಸುತ್ತ ದ್ರಾಕ್ಷಿ, ದಾಳಿಂಬೆ ತೋಟ ಎದ್ದು, ತೋಟಕ್ಕೆಲ್ಲ ತಂತಿಬೇಲಿ ಬಿದ್ದಿತ್ತು. ಹಿಂಡು ಹೊಡೆದುಕೊಂಡು ಹೊರಟರೆ ‘ಏ, ಆಚಿ ಹೊಡಿ’ ಎಂಬ ಮಾತು ಬಿಟ್ಟು ಬೇರೆ ಕಿವಿಗೆ ಬೀಳುತ್ತಿರಲಿಲ್ಲ. ಬರಗಾಲದಲ್ಲಿ ಮೇವು ಹುಡುಕಿದ ಜನ, ನೀರು ಬಂದ ಮೇಲೆ ನೆಲ ಹುಡುಕಬೇಕಾಯಿತು. ತನ್ನ ಕಸುಬು ಬೇಕು ಅನ್ನುವವರು ಎಲ್ಲೋ ಇದ್ದಾರೆ ಎಂಬುದೇ ತಾನಾಜಿಗೆ ದೊಡ್ಡ ಸುಖವಾಗಿತ್ತು. ಏಜೆನ್ಸಿಯವರು ಕೊಟ್ಟ ಯಂತ್ರದಲ್ಲಿ ಊರಿನ ಕುರಿಗಳನ್ನೆಲ್ಲ ಬೋಳಿಸಿ ಬೋಳಿಸಿ ಕೈ ಪಳಗಿಸಿಕೊಂಡಿದ್ದ.

ಫೋನಿನಲ್ಲಿ ಮತ್ತೆ ಮಾತು ನಡೆಯಿತು. ಕೊನೆಗೆ ಶೈಲಾ ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

"ಇನ್ನೊಂದ್ಸಲ ಮಾಡಿ ತೋರ್ಸು ಅಂತಾರ. ಒಂದ ಒಂದು ಕುರಿ, ಮೊದಲಿಂದ ಕೊನೀತನಕ, ನೆತ್ತೀನೂ ಸೇರಿ. ಇವತ್ತ ಆಗಬೇಕ್ರಿ. ಬರೂ ತಿಂಗಳಿಂದ ಅವರ ಸರ್ಕಾರ ಉಣ್ಣಿ ಕತ್ತರಸೋರನ್ನೂ ವೀಸಾ ಪಟ್ಟಿಯಿಂದ ತಗೀತೈತಿ. ಆಮ್ಯಾಲೆ ನಾ ಏನೂ ಮಾಡಾಕ ಬರೂದಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ತಯಾರಾಗಿ ಕೂತಿದ್ದ, ಅಡ್ಡ ನಿಂತವನೇ ದೇವರು.

ದೊಡ್ಡಿಯಲ್ಲಿ ಉಣ್ಣೆ ಉಳಿದದ್ದು ಒಂದೇ ಪ್ರಾಣಿಯ ಮೈಮೇಲೆ. ಅದು ತಾಯಿ ದುಂಡವ್ವನ ಕರಿ ಟಗರು. ಯಂತ್ರದ ಸದ್ದಿಗೆ ಹೆದರುತ್ತದೆ ಎಂದು ಅವಳು ಅದನ್ನು ಅಭ್ಯಾಸಕ್ಕೆ ಕೊಟ್ಟಿರಲಿಲ್ಲ. ಈಗಲೂ ಪಡಸಾಲೆಯ ಕಟ್ಟೆಯ ಮೇಲೆ ಉಣ್ಣೆ ನೂಲುವ ಕದಿರು ತಿರುಗಿಸುತ್ತ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದರೂ ದಾರ ಹರಿದಿರಲಿಲ್ಲ.

"ಯವ್ವಾ," ಎಂದ ತಾನಾಜಿ.

"ನನ್ನ ಯಾಕ ಕೇಳ್ತಿ? ಕೈ ಎತ್ತಾಕ ಕಲಿಸಿದಾಂವ ನಿಮ್ಮಪ್ಪ. ಅಂವನ್ನ ಕೇಳು."

ಶೈಲಾ ಅವಳ ಪಕ್ಕ ಕೂತಳು. "ಆಯಿ, ಆಮ್ಯಾಲೆ ಬ್ಯಾರೆ ಉಣ್ಣಿ ಕೊಟ್ರ ದೇವ್ರು ಒಪ್ಪೂದಿಲ್ಲೇನು? ನಾವು ಗುಡ್ಡಾಪುರದ ದಾನಮ್ಮಗ ತಪ್ಪು ಮಾಡಿದ್ರ, ತಪ್ಪಾತವ್ವಾ ಅಂದು ಮತ್ತೊಂದು ಕಾಯಿ ಒಡಸ್ತೀವಿ."

"ನಿಮ್ಮ ದಾನಮ್ಮ ದೊಡ್ಡ ಮನಸ್ಸಿನಾಕಿ, ತಂಗೀ. ನಮ್ಮಂವ ಕುರುಬ. ಎಣಿಸ್ಕೋತ ಕುಂದರ್ತಾನ."

ಶೈಲಾಳಿಗೆ ನಗು ಬಂತು. ದುಂಡವ್ವ ನಗಲಿಲ್ಲ. ಚಹಾ ತಂದ ಪೂನಮ ಗಂಡನ ಕೈಗೆ ಲೋಟ ಕೊಡುತ್ತ, "ಕೈ ಒಂದ್ಕಡೆ, ಮನಸ್ಸು ಒಂದ್ಕಡೆ ಇಟ್ಟು ಯಂತ್ರಾ ಹಿಡೀಬ್ಯಾಡ್ರಿ. ಟಗರಿಗೆ ಗಾಯ ಆದೀತು," ಎಂದಳು. ಹೋಗು ಎಂದಳೋ, ಬೇಡ ಎಂದಳೋ, ತಾನಾಜಿಗೆ ಗೊತ್ತಾಗಲಿಲ್ಲ. ಲೋಟ ಕೆಳಗಿಟ್ಟ. ಬಿಡಲೂ ಆಗದು, ಹಿಡಿಯಲೂ ಆಗದು. ಹೆದರಿಕೆಗಿಂತ ಹೆಚ್ಚಾಗಿ ಅವನಿಗೆ ಅಪ್ಪನ ಕೈ ನೆನಪಾಗುತ್ತಿತ್ತು. ಆ ಒರಟು ಕೈ ತನ್ನ ಮಣಿಕಟ್ಟಿನ ಮೇಲೆ ಈಗಲೂ ಇದ್ದಂತೆ ಅನ್ನಿಸಿ ಅಳು ಬಂತು.

ಫೋನಿನಲ್ಲಿ ಪರೀಕ್ಷಕ ಗಡಿಯಾರ ನೋಡಿಕೊಂಡ.

ದುಂಡವ್ವ ಕದಿರು ಕೆಳಗಿಟ್ಟಳು. ಎದ್ದು, ಮೊಣಕಾಲು ಹಿಡಿದುಕೊಂಡು ದೊಡ್ಡಿಗೆ ಹೋದಳು. ಟಗರಿನ ಕೋಡು ಹಿಡಿದು, ಅದರ ಕಿವಿಯಲ್ಲಿ ಏನೋ ಗುಣುಗುಣಿಸುತ್ತ ಕರೆತಂದು ಮಗನ ಮುಂದೆ ನಿಲ್ಲಿಸಿದಳು.

"ಹಿಡಿ," ಎಂದಳು. "ಕೆಲಸಾ ಬರೂದಿಲ್ಲ ಅನಿಸ್ಕೋಬ್ಯಾಡ."

ಅಷ್ಟೇ ಹೇಳಿ ಕಟ್ಟೆಗೆ ಹೋಗಿ, ಅವರ ಕಡೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂತಳು. ಕದಿರು ಮತ್ತೆ ತಿರುಗತೊಡಗಿತು.

ತಾನಾಜಿ ಟಗರನ್ನು ಮಗ್ಗುಲಿಗೆ ಉರುಳಿಸಿ ಮೊಣಕಾಲ ನಡುವೆ ಹಿಡಿದ. ಯಂತ್ರ ಗುಂಯ್ ಎಂದಿತು. ಹೊಟ್ಟೆ ಆಯಿತು, ತೊಡೆ ಆಯಿತು, ಬೆನ್ನಿನ ಉದ್ದಕ್ಕೂ ಕರಿ ಉಣ್ಣೆ ಸುರುಳಿ ಸುರುಳಿಯಾಗಿ ಇಳಿದು ಪಕ್ಕದಲ್ಲಿ ರಾಶಿಯಾಯಿತು. ಕುತ್ತಿಗೆ ದಾಟಿ ಕೋಡಿನ ನಡುವೆ ಬಂದಾಗ ಅವನ ಕೈ ತಾನಾಗಿಯೇ ಮೇಲೆದ್ದಿತು. ಯಂತ್ರ ಗಾಳಿಯಲ್ಲಿ ಸುಮ್ಮನೆ ಗುಂಯ್‌ಗುಡುತ್ತಿತ್ತು. ಕಟ್ಟೆಯ ಮೇಲಿನ ಕದಿರು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು.

ತಾನಾಜಿ ಕೈ ಇಳಿಸಿದ. ಒಂದೇ ಎಳೆತ, ಜುಟ್ಟು ಬಿತ್ತು. ಟಗರು ಕೊಸರಿಕೊಂಡು ಎದ್ದು ಉಣ್ಣೆಯ ರಾಶಿಯನ್ನೆಲ್ಲ ತುಳಿದು ಕೆದರಿ ಓಡಿತು.

ಫೋನಿನೊಳಗಿನ ಮನುಷ್ಯ ಹೆಬ್ಬೆರಳೆತ್ತಿ ನಕ್ಕ. ಶೈಲಾ ಚಪ್ಪಾಳೆ ತಟ್ಟಿದಳು. "ಪಾಸಾದ್ರಿ ಅಣ್ಣಾರ! ಭಾಳ ಚಲೋ ಕೈ ಅಂದ್ರು. ಪಕ್ಕಾ ಕುಶಲ ಅಂದ್ರು!" ಪೂನಮ ಸೆರಗಿನಿಂದ ಕಣ್ಣೊರೆಸಿಕೊಂಡು ಸಕ್ಕರೆ ತರಲು ಒಳಗೆ ಓಡಿದಳು. ತಾನಾಜಿಗೂ ಸಂತೋಷ ಒತ್ತರಿಸಿ ಬಂತು, ಸುಳ್ಳೇಕೆ ಹೇಳಬೇಕು. ಯಂತ್ರದ ವೈರು ಸುತ್ತಿಡುತ್ತ ಎರಡು ಸಲ ‘ಕುಶಲ’ ಎಂಬ ಆ ಮಾತನ್ನು ಬಾಯೊಳಗೇ ಅಂದುಕೊಂಡ.

ಶೈಲಾಳನ್ನು ಗಾಡಿಯ ತನಕ ಕಳಿಸಿ ಬರುವಷ್ಟರಲ್ಲಿ ದುಂಡವ್ವ ಉಣ್ಣೆಯ ರಾಶಿಯ ಮುಂದೆ ಕೂತಿದ್ದಳು. ಒಂದೊಂದೇ ಹಿಡಿ ಎತ್ತಿ, ಬೆರಳಲ್ಲಿ ಬಿಡಿಸಿ, ಬೆಳಕಿಗೆ ಹಿಡಿದು ಬದಿಗಿಡುತ್ತಿದ್ದಳು. ನೆತ್ತಿಯದೂ ಕಪ್ಪು, ಬೆನ್ನಿನದೂ ಕಪ್ಪು. ಟಗರು ತುಳಿದದ್ದರಲ್ಲಿ ಎಲ್ಲ ಒಂದಾಗಿತ್ತು.

ತಾನಾಜಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾನೂ ಹುಡುಕತೊಡಗಿದ. ರಾಶಿ ಅರ್ಧಕ್ಕಿಳಿಯಿತು. ಕೊನೆಗೆ ದುಂಡವ್ವ ಒಂದು ಹಿಡಿ ಎತ್ತಿ ಅವನ ಮುಂದೆ ಹಿಡಿದಳು.

"ಇದಽ ಏನೋ, ತಾನ್ಯಾ?"

ಅವನು ಅದನ್ನು ಮುಟ್ಟಿ ನೋಡಿದ. ಮೂಸಿ ನೋಡಿದ. ಗೊತ್ತಾಗಲಿಲ್ಲ.

"ಹೂಂನವ್ವಾ, ಅದಽ," ಎಂದ.

ದುಂಡವ್ವ ಮಗನ ಮುಖವನ್ನೇ ನೋಡಿದಳು. ಆಮೇಲೆ ಆ ಹಿಡಿ ಉಣ್ಣೆಯನ್ನು ಹಣೆಗೆ ಒತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿದಳು.