ಸೊಪ್ಪಿನ ಪಾತಿಗೆ ಫೈರಣ್ಣನ ನೀರು

ಫೈರಣ್ಣ ಒಂದು ಕಾಲನ್ನು ಗೋಡೆಯ ಆಚೆಗೆ ಇಳಿಬಿಟ್ಟು, ಇನ್ನೊಂದನ್ನು ಎತ್ತಲಾರದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕುದುರೆ ಏರಿದವನಂತೆ ಕಾಂಪೌಂಡಿನ ಮೇಲೆ ಸಿಕ್ಕಿಕೊಂಡಿದ್ದ. ಕೈಯಲ್ಲಿ ತನ್ನ ಮನೆಯ ಹಸಿರು ಪೈಪು, ಅದರ ಬಾಯಿಗೆ ಒತ್ತಿಹಿಡಿದ ಹೆಬ್ಬೆರಳು. ಕೆಳಗೆ ಅಂಗಳದ ಬೆಂಚುಗಳ ಮೇಲೆ ಸಾವಿಗೆ ಬಂದ ಜನ ಅಳುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು.

“ಗೇಟು ತೆಗೆದೇ ಇದೆಯಲ್ಲ ಸಾರ್,” ಎಂದ ಕ್ಷೌರಿಕರ ಸಂಘದ ಅಧ್ಯಕ್ಷ.

“ನನಗೆ ಗೊತ್ತು ಕಣಯ್ಯಾ. ಪೈಪಿಗೆ ಗೊತ್ತಿಲ್ಲ. ಅದು ಅಲ್ಲೀತನಕ ಬರಲ್ಲ.”

ತೀರಿಕೊಂಡವನು ಈ ಮನೆಯ ಕ್ಷೌರಿಕ. ಅವನ ಗೌರವಕ್ಕೆಂದು ಊರಿನ ಕಟಿಂಗ್ ಶಾಪುಗಳೆಲ್ಲ ಬಾಗಿಲು ಹಾಕಿದ್ದರಿಂದ ಬಂದ ಗಂಡಸರಲ್ಲಿ ಒಬ್ಬನೂ ಗಡ್ಡ ಬೋಳಿಸಿರಲಿಲ್ಲ. ಇಡೀ ಅಂಗಳವೇ ಜ್ವರದಿಂದ ಎದ್ದು ಬಂದಂತಿತ್ತು. ಪಕ್ಕದ ಮನೆಯ ಫೈರಣ್ಣ ಬದುಕೆಲ್ಲ ಬೆಂಕಿ ಆರಿಸುವ ವಾಹನದಲ್ಲಿ ಓಡಾಡಿ ನಿವೃತ್ತನಾದವನು. ಬೆಳಿಗ್ಗೆ ಸತ್ತವನ ಹೆಂಡತಿ ಅವನನ್ನು ಮೂಲೆಗೆ ಕರೆದು ಹೇಳಿದ್ದಳು.

“ಅಣ್ಣಾ, ಆಸ್ಪತ್ರೆಗೆ ಹೋಗೋ ಹಿಂದಿನ ಸಂಜೆ ಹರಿವೆ ಬೀಜ ಚೆಲ್ಲಿದ್ರು. ಆಮೇಲೆ ಯಾರೂ ಒಂದು ಹನಿ ನೀರು ಹಾಕಿಲ್ಲ. ಮೊಳಕೆ ಒಡೆಯೋ ಹೊತ್ತು. ಇವತ್ತಿನ ಬಿಸಿಲು ಬಿದ್ದರೆ ಮುಗೀತು. ಅವರ ಕೈಯಿಂದ ಬಿದ್ದಿದ್ದು ಅದೇ ಕೊನೇದು. ಬಂದವರನ್ನ ಬಿಟ್ಟು ನಾನು ಹೇಗೆ ಹೋಗ್ಲಿ?”

ಫೈರಣ್ಣ ದೊಪ್ಪನೆ ಇಳಿದು, ಪಾತಿಯ ಮುಂದೆ ಕಾಲು ಅಗಲಿಸಿ ನಿಂತು, ಹೆಬ್ಬೆರಳು ಸಡಿಲಿಸಿದ. ಪಾತಿಯ ಒಂದು ಮೂಲೆ ಎದ್ದು ಹಾರಿ ಅಧ್ಯಕ್ಷನ ಪ್ಯಾಂಟಿನ ಮೇಲೆ ಕೂತಿತು.

“ನಿಲ್ಸಿ!” ಬಾಗಿಲಲ್ಲಿ ನಿಂತಿದ್ದ ಅವಳು ಕೂಗಿದಳು. “ಅಣ್ಣಾ, ಅದು ಬೆಂಕಿ ಅಲ್ಲ, ಬೀಜ!”

* * *

ಕ್ಷೌರಿಕ ಸೊಪ್ಪಿಗೆ ನೀರು ಹಾಕುತ್ತಿದ್ದುದು ಅಂಗಡಿಯ ಸ್ಪ್ರೇ ಬಾಟಲಿಯಿಂದ. ಗಿರಾಕಿಗಳ ತಲೆ ನೆನೆಸುವ ಅದೇ ಬಾಟಲಿ. ಪುಸ್, ಪುಸ್. ನಡುನಡುವೆ ಕತ್ತು ಓರೆ ಮಾಡಿ, ಎರಡೂ ಕಡೆ ಸಮನಾಗಿದೆಯೇ ಎಂದು ನೋಡುತ್ತಿದ್ದ.

“ಇದೇನಯ್ಯಾ, ಸೊಪ್ಪಿಗೆ ನೀರೋ, ಕ್ಷೌರಾನೋ?” ಎಂದಿದ್ದ ಗೋಡೆಯಾಚೆಯಿಂದ ಫೈರಣ್ಣ.

“ಬೋಳುತಲೆಯವನಿಗೆ ನೆನೆಸೋ ವಿದ್ಯೆ ಏನು ಗೊತ್ತು, ಸುಮ್ನಿರು.”

“ನಾನು ಪೈಪು ಹಿಡಿದರೆ ಎರಡು ನಿಮಿಷದ ಕೆಲಸ.”

“ಹಿಡಿ. ನಾನು ಸತ್ತ ಮೇಲೆ ಹಿಡಿ.”

“ಆಯ್ತು, ಕಾಯ್ತೀನಿ.”

ಅದು ಬೀಜ ಚೆಲ್ಲಿದ ಸಂಜೆಯ ಮಾತು. ಆಮೇಲೆ ಇಬ್ಬರೂ ಗೋಡೆಯ ಎರಡು ಬದಿಗೆ ಸುಮ್ಮನೆ ನಿಂತಿದ್ದರು. ಮಾತಾಡಿದ್ದಕ್ಕಿಂತ ಅವರು ಹಾಗೆ ನಿಂತಿದ್ದೇ ಹೆಚ್ಚು. ಅಂಗಡಿಯಲ್ಲೂ ಅಷ್ಟೇ. ಫೈರಣ್ಣನ ಕಿವಿಯ ಸುತ್ತ ಉಳಿದ ನಾಲ್ಕು ಕೂದಲಿಗೆ ಕ್ಷೌರಿಕ ಮದುಮಗನಿಗೆ ಮಾಡುವಷ್ಟು ಹೊತ್ತು, ತುಟಿ ಬಿಚ್ಚದೆ, ಕತ್ತರಿ ಆಡಿಸುತ್ತಿದ್ದ. ಆ ಸಂಜೆ ಬೇರೆ ಯಾವ ಮಾತನ್ನಾದರೂ ಆಡಬಹುದಿತ್ತು. ಫೈರಣ್ಣ ಆಡಿದ್ದು ‘ಕಾಯ್ತೀನಿ’ ಅಂತ.

* * *

“ಆ ಬಾಟಲಿ ಎಲ್ಲಮ್ಮಾ?” ಎಂದ ಫೈರಣ್ಣ, ಪೈಪನ್ನು ಗೋಡೆಯಾಚೆ ಎಸೆದು.

“ಅವರ ಕೈಯಲ್ಲೇ ಇದೆ.”

ಸಂಘದವರು ಗೌರವಕ್ಕೆಂದು ಹೆಣದ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಬಾಟಲಿ ಇಟ್ಟಿದ್ದರು. ಫೈರಣ್ಣ ಒಳಗೆ ಹೋಗಿ ಬಗ್ಗಿದ. ಅಧ್ಯಕ್ಷ ಪ್ಯಾಂಟು ಕೊಡವುತ್ತ ಹಿಂದೆಯೇ ಬಂದ.

“ಸಾರ್! ಸತ್ತವನ ಕೈಯಿಂದ ಕಿತ್ಕೊಳ್ತೀರಾ?”

“ಕಿತ್ಕೊಳ್ಳೋದಲ್ಲಯ್ಯಾ, ಕಡ. ನಿಮ್ಮ ಅಂಗಡೀದಾದ್ರೂ ಒಂದು ತಂದುಕೊಡಿ.”

“ವ್ಯಾನು ಬರೋ ಹೊತ್ತಾಯ್ತು. ಈಗ ಯಾರು ಹೋಗಿ ಬಾಗಿಲು ತೆಗೀತಾರೆ? ಅದೂ ಅಲ್ದೆ ಬದುಕಿದ್ದಾಗಲೇ ಆ ಬಾಟಲೀನ ಅವನು ಯಾರಿಗೂ ಮುಟ್ಟೋಕೆ ಬಿಟ್ಟವನಲ್ಲ.”

ಅದು ನಿಜ. ಫೈರಣ್ಣ ಗೆಳೆಯನ ಮುಖ ನೋಡಿದ. ಇಷ್ಟು ಗಂಡಸರಲ್ಲಿ ಕೆನ್ನೆ ನುಣ್ಣಗೆ ಇದ್ದದ್ದು ಅವನದೊಬ್ಬನದೇ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಪಾತಿಯ ಬಳಿ ಕೂತು, ಚೊಂಬಿನ ನೀರನ್ನು ಬೆರಳಲ್ಲಿ ಚಿಮುಕಿಸಿ ನೋಡಿದ. ಸಲಿಕೆಯಂಥ ಕೈ. ಬಿದ್ದ ಹನಿಯೆಲ್ಲ ಗುಂಡಿ ತೋಡಿತು. ಚೊಂಬೆತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಅಳುವೋ ಕೆಮ್ಮೋ, ಎರಡರಲ್ಲಿ ಒಂದು ಒಳಗಿನಿಂದ ನುಗ್ಗಿಬಂತು. ಪುರ್ರ್! ಬಾಯಿಯ ನೀರೆಲ್ಲ ಹೊರಗೆ.

ಬಿದ್ದ ಕಡೆ ಮಣ್ಣು ಅಷ್ಟಗಲ ಕಪ್ಪಾಯಿತು. ಒಂದು ಬೀಜವೂ ಅಲುಗಿರಲಿಲ್ಲ.

ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. “ಇನ್ನೊಂದ್ಸಲ, ಅಣ್ಣಾ.”

ಈ ಸಲ ಬೇಕೆಂದೇ ಮಾಡಿದ. ಅದೇ ಹದ, ಮಂಜಿನಂತೆ. ಆದರೆ ಪಾತಿ ಉದ್ದ, ಬಾಯಿ ಒಂದು. ಬಿಸಿಲು ಆಗಲೇ ಆಚೆ ತುದಿ ಮುಟ್ಟಿತ್ತು. ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು.

“ಸರೀರಿ ಆ ಕಡೆ,” ಎಂದ ಅಧ್ಯಕ್ಷ. ಕೊಳೆಯಾದ ಪ್ಯಾಂಟಿಗೆ ಇನ್ನು ಕಳೆದುಕೊಳ್ಳುವುದೇನೂ ಇರಲಿಲ್ಲ. ಮೊಣಕಾಲೂರಿ ಚೊಂಬಿಗೆ ಕೈಚಾಚಿದ. ಅವನ ಹಿಂದೆ ಒಬ್ಬೊಬ್ಬರೇ ಕ್ಷೌರಿಕರು ಬೆಂಚು ಬಿಟ್ಟು ಬಂದರು. ಸೀರೆಯ ಸೆರಗು ಸಿಕ್ಕಿಸಿಕೊಂಡು ಅವಳೂ ಕೂತಳು.

ಹೆಣದ ವ್ಯಾನು ಗೇಟಿನ ಮುಂದೆ ನಿಂತಿತು. ಡ್ರೈವರ್ ಇಳಿದು ಒಳಗೆ ಬಂದ.

“ಮನೆಯವರು ಯಾರ್ರೀ? ಹೊರಡೋಣ್ವಾ?”

ಯಾರೂ ಬಾಯಿ ಬಿಡಲಿಲ್ಲ. ಪಾತಿಯ ಸುತ್ತ ಮೊಣಕಾಲೂರಿ ಕೂತ ಅಷ್ಟೂ ಜನ, ಗಡ್ಡದ ಕೆನ್ನೆಗಳನ್ನು ಬಲೂನಿನಂತೆ ಉಬ್ಬಿಸಿಕೊಂಡು, ತಲೆಯೆತ್ತಿ ಅವನನ್ನು ನೋಡಿದರು. ಅವರ ನಡುವಿನಿಂದ ಅವಳು, ತನ್ನ ಕೆನ್ನೆಯನ್ನೂ ಉಬ್ಬಿಸಿಕೊಂಡೇ, ಸ್ವಲ್ಪ ತಾಳು ಎಂಬಂತೆ ಒಂದು ಬೆರಳೆತ್ತಿ ತೋರಿಸಿ, ಮತ್ತೆ ಮಣ್ಣಿನತ್ತ ಬಾಗಿದಳು.