ಹಿಮದ ನಾಯಿಗಳೂ ಕುಬಟೂರಿನ ದಾಕೂ

೧೯೫೮ರ ಬೇಸಿಗೆ. ಶಿಕಾರಿಪುರದ ಜಟ್ಟಪ್ಪ ಸೊರಬ ತಾಲ್ಲೂಕಿನಲ್ಲಿ ಸಿಡುಬಿನ ದಾಕು ಹಾಕುವ ಕೆಲಸದಲ್ಲಿದ್ದ. ಕುಬಟೂರಿಗೆ ಅದು ಅವನ ಮೂರನೇ ಅಲೆದಾಟ. ಹಿಂದೆ ಎರಡು ಸಲವೂ ಅವನನ್ನು ಕಂಡೊಡನೆ ತಾಯಂದಿರು ಮಕ್ಕಳನ್ನೆತ್ತಿಕೊಂಡು ಗದ್ದೆಗೆ ಓಡಿದ್ದರು. ದಾಕು ಹಾಕಿಸಿದರೆ ಸಿಡುಬಿನ ದೇವತೆ ಅಮ್ಮ ಮುನಿಯುತ್ತಾಳೆಂದು ಹುಲಿಯಮ್ಮ ಎಂಬ ಮುದುಕಿ ಊರಿಗೆಲ್ಲ ಹೇಳಿಟ್ಟಿದ್ದಳು.

ಈ ಸಲ ಕಥೆ ಹೇಳುತ್ತೇನೆಂದು ಜನರನ್ನು ಗುಡಿಯ ಜಗಲಿಗೆ ಸೇರಿಸಿದ. ವಾಚನಾಲಯದಲ್ಲಿ ಓದಿದ್ದ ಕಥೆ. ಅಲಾಸ್ಕಾ ಎಂಬ ಹಿಮದ ನಾಡಿನಲ್ಲಿ, ಚಿನ್ನ ಅಗೆಯಲು ಹೋದವರು ಐವತ್ತು ವರ್ಷದ ಹಿಂದೆ ನಾಯಿಗಳನ್ನು ಜಾರುಬಂಡಿಗೆ ಕಟ್ಟಿ ನಾನೂರು ಮೈಲಿಯ ಪಂದ್ಯ ಶುರುಮಾಡಿದ್ದರು. ಮುಂದೆ ಅಲ್ಲಿಯ ಮಕ್ಕಳಿಗೆ ಗಂಟಲಮಾರಿ ಬಂದಾಗ, ಪಂದ್ಯ ಗೆದ್ದಿದ್ದವನೊಬ್ಬನೂ ಸೇರಿ ಇಪ್ಪತ್ತು ಜನ ಸರದಿಯಲ್ಲಿ ನಾಯಿಬಂಡಿ ಓಡಿಸಿ, ಆರುನೂರ ಎಪ್ಪತ್ತು ಮೈಲಿ ದೂರಕ್ಕೆ ಐದೂವರೆ ದಿನದಲ್ಲಿ ಔಷಧಿ ಮುಟ್ಟಿಸಿದ್ದರು.

ಔಷಧಿಯ ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ನಾಯಿಗೆ ನೊಗ ಹೂಡುವುದು ಹೇಗೆ, ಲಾಳ ಹೊಡೆಯುತ್ತಾರೋ ಇಲ್ಲವೋ, ದಾರಿಯಲ್ಲಿ ಇನ್ನೊಂದು ನಾಯಿ ಕಂಡರೆ ಬಂಡಿಯ ಗತಿಯೇನು, ಇದೇ ಚರ್ಚೆ. ಹೋರಿ ಓಡಿಸುವುದರಲ್ಲಿ ಹೆಸರು ಮಾಡಿದ್ದ ಉಜ್ಜಪ್ಪ, ಹಿಮ ತೋರಿಸದೆ ನಂಬುವುದಿಲ್ಲವೆಂದು ಹಟ ಹಿಡಿದ. ತಲೆ ಚಿಟ್ಟು ಹಿಡಿದ ಜಟ್ಟಪ್ಪ, ದಾಕಿನ ಕೊಳವೆಗಳನ್ನು ತಂಪಾಗಿಟ್ಟಿದ್ದ ಫ್ಲಾಸ್ಕಿನಿಂದ ಮಂಜುಗಡ್ಡೆಯ ಚೂರೊಂದನ್ನು ಕೊಟ್ಟ. ಅದು ಹತ್ತು ಜನರ ಅಂಗೈ ದಾಟುವಷ್ಟರಲ್ಲಿ ನೀರಾಯಿತು. ಮುಟ್ಟದವರು ಇನ್ನೊಂದು ಕೇಳಿದರು. ಎರಡನೆಯದನ್ನು ಉಜ್ಜಪ್ಪ ಬಾಯಿಗೇ ಹಾಕಿಕೊಂಡ. ಫ್ಲಾಸ್ಕಿನ ತಳ ಕಂಡಿತು. ದಾಕಿಗೆ ತೋಳು ಮಾತ್ರ ಒಂದೂ ಮುಂದೆ ಬರಲಿಲ್ಲ.

ಜಟ್ಟಪ್ಪನಿಗೆ ಅಳು ಬರುವಷ್ಟು ರೇಗಿತು. "ಸಂಜಿಯೊಳಗ ಈ ದಾಕು ಕೆಟ್ಟು ಹೋಗ್ತೈತ್ರೀ. ನನ್ನ ಕೆಲಸ ಕಥೆ ಹೇಳೋದಲ್ಲ" ಎಂದು ಚೀಲ ಕಟ್ಟತೊಡಗಿದ.

ಕಂಬಕ್ಕೊರಗಿ ಸುಮ್ಮನೆ ಕೇಳುತ್ತಿದ್ದ ಹುಲಿಯಮ್ಮ, "ಆ ಮಕ್ಕಳು ಉಳಿದ್ವೇನಪ್ಪಾ?" ಎಂದಳು.

"ಔಷಧಿ ಬರೋದಕ್ಕೆ ಮುಂಚೆ ಕೆಲವು ಹೋಗಿದ್ವು. ಬಂದ ಮ್ಯಾಲೆ ಬಾಳ ಮಕ್ಕಳು ಉಳಿದ್ವು."

"ನನ್ನವು ಎರಡು ಸಿಡುಬಲ್ಲೇ ಹೋದ್ವು. ಆವಾಗ ಯಾರೂ ಬರ್ಲಿಲ್ಲ" ಎಂದವಳೇ ಮೊಮ್ಮಗಳನ್ನು ಮುಂದೆ ಕೂರಿಸಿ, ಅವಳ ರವಿಕೆಯ ತೋಳು ಮೇಲೇರಿಸಿದಳು.

ಜಟ್ಟಪ್ಪ ಕಟ್ಟುತ್ತಿದ್ದ ಚೀಲವನ್ನು ಮತ್ತೆ ಬಿಚ್ಚಿದ. ಅವಳ ಹಿಂದೆ ಸಾಲು ಬೆಳೆಯಿತು. ದಾಕು ಬೆಚ್ಚಗಾಗುವ ಮೊದಲೇ ಮುಗಿಸಬೇಕೆಂದು ಅವನು ಬೆವರೊರೆಸಿಕೊಳ್ಳಲೂ ನಿಲ್ಲಲಿಲ್ಲ.

ಕೊನೆಗೆ ಉಜ್ಜಪ್ಪನ ಸರದಿ ಬಂತು. ತೋಳು ಚಾಚಿ, ಓಡದ ನಾಯಿಗೆ ಬಾಲ ತಿರುಚುತ್ತಾರೋ ಹೇಗೆ ಎಂದು ವಿಚಾರಿಸಿದ. ಜಟ್ಟಪ್ಪ ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಸೂಜಿ ಒತ್ತಿದ.